ಮಡ್ಡಿ ಮ್ಯಾಲಿನ ವಿಷ್ಣುಕ್ರಾಂತಿ

— ಸರ, ಗಣಪತಿಗೆ ಏರಸು 21 ಪತ್ರಿಯೊಳಗ ವಿಷ್ಣುಕ್ರಾಂತಿನೂ ಒಂದ್ರಿ. ಕರಿಕಿ, ಬಿಲ್ವಪತ್ರಿ, ತುಳಸಿ, ಎಕ್ಕಿ, ಬನ್ನಿ ಎಲ್ಲಾ ನಮ್ಮೂರು ಅಂಕಲಗ್ಯಾಗ ಸಿಗತಾವು. ಇದೊಂದ ಯಾರಿಗೂ ಗೊತ್ತಿಲ್ಲ. ಬೆಳಗಾವಿಗೆ ಹೋದಾಗ ಈ ಕುಂಡ ತಂದೇನ್ರಿ. ಮಾರಾವ ವಿಷ್ಣುಕ್ರಾಂತಿ ಅಂತನ ಹೇಳಿ ಕೊಟ್ಟ. ಇದು ಖರೇ ಅದ ಹೌದೇನ್ರಿ?

— ಬೆಳಕಿಗೆ ಹಿಡಿ, ನೋಡೂಣು. ಹೂವು ಎರಡು ಸೆಂಟಿಮೀಟರಿಗೂ ಅಗಲ ಐತಿ. ಟೊಂಗಿ ತುದ್ಯಾಗ ಎಲಿ ಬಗಲಿಗೆ ಒತ್ತಿ ಕುಂತಾವು, ತೊಟ್ಟು ಕಾಣೂದ ಇಲ್ಲ. ಎಲಿ ದಪ್ಪ, ಬೂದಿ ಬಣ್ಣ. ಇದು ಅದಲ್ಲವ್ವಾ. ಇದು ಅದರ ಬಳಗದ್ದು, ಬ್ರೆಜಿಲ್ ಕಡೆ ಮೂಲ. ಇವಾಲ್ವ್ಯುಲಸ್ ಗ್ಲೋಮೆರಾಟಸ್ ಅಂತ ಶಾಸ್ತ್ರದ ಹೆಸರು. ನರ್ಸರಿಯವರು ಬ್ಲೂ ಡೇಜ್ ಅಂತಾರ. ನೀಲಿ ಹೂವು, ನೆಲಕ್ಕ ಹಬ್ಬು ಗಿಡ, ಅದಕ್ಕ ನಮ್ಮ ಗಿಡದ ಹೆಸರು ಇದಕ್ಕ ಅಂಟಿಕೊಂಡೈತಿ. ಊರಿಂದ ಊರಿಗೆ ಹಂಗ ಮಾರಾಟ ಆಗತೈತಿ.

— ಹಂಗಾದ್ರ ನಮ್ಮದು ಎಲ್ಲಿ ಐತ್ರಿ?

— ನೀ ದಿನಾ ದಾಟಿ ಹೋಗು ಮಡ್ಡಿ ಮ್ಯಾಲ. ಹೊಳಿ ದಂಡಿ ಎರಿ ಹೊಲದಾಗ ಹುಡುಕಬ್ಯಾಡ, ಅಲ್ಲಿ ಸಿಗೂದಿಲ್ಲ. ಗರಸು ನೆಲಾ ಬೇಕು, ನಡಕ ನಡಕ ಕಲ್ಲು ಬೇಕು, ಹುಲ್ಲು ಗಿಡ್ಡ ಇರಬೇಕು. ಗೋಡಚಿನಮಲ್ಕಿ ಕಡೆ ಗುಡ್ಡ, ಗೋಕಾಕದ ಸುತ್ತಲಿನ ಗುಡ್ಡ ನೋಡೀದಿ ಅಲ್ಲಾ? ಎಲ್ಲಾ ಮರಳುಗಲ್ಲು. ಘಟಪ್ರಭಾ ಗೋಕಾಕ ಫಾಲ್ಸ್‌ನ್ಯಾಗ 52 ಮೀಟರ್ ಧುಮುಕೂದು ಆ ಕಲ್ಲಿನ ಮ್ಯಾಲಿಂದನ. ಆ ಕಲ್ಲು ಸವದು ಆದ ತೆಳುವು ಮಣ್ಣಿನ್ಯಾಗ ನೀರು ನಿಲ್ಲೂದಿಲ್ಲ, ಬ್ಯಾಸಿಗ್ಯಾಗ ಮುಟ್ಟಾಕ ಆಗೂದಿಲ್ಲ, ಅಷ್ಟ ಕಾಯತೈತಿ. ಬೆಳಗಾವಿ ಪಟ್ಟಣಕ್ಕ ಬೀಳು ಮಳಿಯ ಸುಮಾರು ಅರ್ಧದಷ್ಟ ಈ ಕಡೆ ಬೀಳತೈತಿ. ಇಂಥಾ ನೆಲದಾಗ ವರ್ಷಾನುಗಟ್ಲೆ ಬದುಕು ಗಿಡ ಅದು.

— ವರ್ಷಾನುಗಟ್ಲೆನ್ರಿ? ಸಣ್ಣ ಹುಲ್ಲಿನ ಹಂಗ ಇರತೈತಿ ಅಂತ ಕೇಳೇನಿ, ಮಳಿಗಾಲ ಮುಗಿತಂದ್ರ ಸಾಯತೈತಿ ಅಂತ ತಿಳಿದಿದ್ದೆ.

— ಮ್ಯಾಲಿಂದು ಒಣಗತೈತಿ. ನೆಲದೊಳಗ ಬೆರಳಿನಷ್ಟೂ ದಪ್ಪ ಇಲ್ಲದ ಕಟ್ಟಿಗಿಯಂಥಾ ಬುಡಾ ಒಂದು ಉಳೀತೈತಿ. ಅಡ್ಡಮಳಿ ಬಿದ್ದ ಮ್ಯಾಲ ಅದರಿಂದ ಮತ್ತ ಚಿಗಿತೈತಿ. ಒಂದ ಬುಡದಿಂದ ಸುತ್ತಲೂ ನಾಲ್ಕಾರು ತಂತಿಯಂಥಾ ಟೊಂಗಿ ಹೊರಟು ನೆಲಕ್ಕ ಒರಗಿರತಾವು, ತುದಿ ಅಷ್ಟ ಮ್ಯಾಲ ಎದ್ದಿರತಾವು. ಎಲ್ಲೂ ಬೇರು ಬಿಟ್ಟು ಹಬ್ಬೂದಿಲ್ಲ, ಇದನ್ನ ಗಟ್ಟಿ ನೆನಪಿಟ್ಟಕೋ. ಯಾವುದರ ಮ್ಯಾಲೂ ಸುತ್ತಿಕೊಂಡು ಏರೂದೂ ಇಲ್ಲ. ಇದರ ಬಳಗದಾಗ ಬಾಳ ಗಿಡ ಬಳ್ಳಿ, ನಮ್ಮ ಬೆಳಗಾವಿ ಕಡೆ ಬೆಳಿಯು ಗೆಣಸೂ ಇದರ ಬಳಗದ್ದ. ಆದ್ರ ಇದಕ್ಕ ಏರು ಗುಣಾ ಇಲ್ಲ.

— ಹೂವು ಹ್ಯಾಂಗ ಇರತೈತ್ರಿ? ಮಡ್ಡಿ ಮ್ಯಾಲ ನೀಲಿ ಹೂವು ಬಾಳ ನಮೂನಿ ಇರತಾವು.

— ಅಂಗಿ ಗುಂಡಿಗಿಂತ ಸಣ್ಣದು, ಒಂದು ಸೆಂಟಿಮೀಟರಿನೊಳಗ. ಆಕಾಶದ ತಿಳಿ ನೀಲಿ, ನಡಕ ಬಿಳಿ. ಎಲ್ಲೋ ಒಂದೊಂದು ಗಿಡದಾಗ ಪೂರ್ತಿ ಬಿಳಿ ಹೂವೂ ಬರತಾವು. ಎಸಳು ಬಿಡಿ ಬಿಡಿ ಇಲ್ಲ, ಐದೂ ಕೂಡಿ ಒಂದ ಚಕ್ರ ಆಗಿರತಾವು. ಗೆಣಸಿನ ಹೂವೂ ಹಂಗ ಕೂಡಿದ್ದ, ಅದು ಆಲಿಕಿ ಆಕಾರದ್ದು, ಇದು ಚಪ್ಪಟಿ. ಎಲಿ ಸಂದಿನಿಂದ ದಾರದಷ್ಟ ತೆಳುವಾದ ಉದ್ದ ತೊಟ್ಟು ಹೊರಗ ಬಂದಿರತೈತಿ, ಬಾಳ ಸಲ ಎಲಿಗಿಂತ ಉದ್ದ. ಹೂವು ಅದರ ತುದಿಗೆ. ನೀ ತಂದ ಕುಂಡದಾಗ ಈ ದಾರಾ ಇಲ್ಲ ನೋಡು. ದೂರದಿಂದ ಬ್ಯಾರೆ ಮಾಡಾಕ ಇದೊಂದ ಸಾಕು.

— ಹೊಲದ ಬದುವಿಗೆ ಕನ್ನೆಸೊಪ್ಪು ನೀಲಿ ಹೂವು ಬಿಡತೈತಿ ಅಲ್ರೀ?

— ಅದರ ದಂಟು ನೀರು ತುಂಬಿ ಮೆತ್ತಗ ಇರತೈತಿ, ಎಲಿ ಬುಡ ದಂಟನ್ನ ಸುತ್ತಿ ಹಿಡದಿರತೈತಿ. ಎಸಳು ಎರಡ ಎದ್ದು ಕಾಣತಾವು. ವಿಷ್ಣುಕ್ರಾಂತಿ ದಂಟು ಮುರದ್ರ ನೀರು ಬರೂದಿಲ್ಲ. ಎಲಿ ಒಂದೆರಡು ಸೆಂಟಿಮೀಟರ್ ಅಷ್ಟ, ಎರಡೂ ಮೈಗೆ ರೇಷ್ಮಿಯಂಥಾ ಕೂದಲಾ. ಬಿಸಿಲಿಗೆ ಹಿಡದ್ರ ಬೆಳ್ಳಗ ಹೊಳೀತಾವು. ಆ ಕೂದಲಾ ಇರೂದಕ್ಕ ಈ ಒಣ ನೆಲದಾಗ ಎಲಿಯಿಂದ ನೀರು ಹಾರಿ ಹೋಗೂದು ಕಡಿಮಿ ಆಗತೈತಿ.

ಇನ್ನೂ ಸಂಶಯ ಬಂದ್ರ ಭೂತಗನ್ನಡಿ ತಗೊಂಡು ಹೂವಿನ ನಡಕ ನೋಡು. ಅಂಡಾಶಯದ ಮ್ಯಾಲಿಂದ ಶಲಾಕೆ ಎರಡು ಹೊರಟಿರತಾವು, ಒಂದೊಂದೂ ಮತ್ತ ಎರಡಾಗಿ ಸೀಳಿರತೈತಿ. ಅಂದ್ರ ತುದಿ ನಾಲ್ಕು. ಇದರ ಹತ್ತಿರದ ಕನ್ವಾಲ್ವುಲಸ್ ಗುಂಪಿನಾಗ ಶಲಾಕೆ ಒಂದ, ತುದಿ ಎರಡು. ಸಸ್ಯಶಾಸ್ತ್ರಜ್ಞ ಲಿನೇಯಸ್ 1753ರಾಗ ವಿಷ್ಣುಕ್ರಾಂತಿಗೆ ಮೊದಲ ಹೆಸರಿಟ್ಟಾಗ ಕನ್ವಾಲ್ವುಲಸ್ ಗುಂಪಿಗೇ ಸೇರಿಸಿದ್ದ. 1762ರಾಗ ತಾನ ಅದನ್ನ ಹೊರಗ ತೆಗದು ಇವಾಲ್ವ್ಯುಲಸ್ ಅಂತ ಬ್ಯಾರೆ ಗುಂಪು ಮಾಡಿದ. ಎಂಟು ಹತ್ತು ಮಿಲಿಮೀಟರಿನ ಹೂವಿನೊಳಗ ಅಷ್ಟು ನೋಡೂದೈತಿ ಅಂತ ನಾನು ಸಾಲಿ ಹುಡುಗರಿಗೆ ಪ್ರತಿ ವರ್ಷ ಹೇಳತಿದ್ದೆ. ಭೂತಗನ್ನಡಿ ಕೈಯಾಗ ಕೊಟ್ಟು ನಾಲ್ಕು ತುದಿ ಎಣಸ್ರಿ ಅಂದ್ರ ಸಾಕು, ಒಂದು ತಾಸು ಯಾರೂ ಮ್ಯಾಲ ಏಳತಿದ್ದಿಲ್ಲ.

— ಪ್ಯಾಟ್ಯಾಗ ಶಂಖಪುಷ್ಪಿ ಅಂತ ಮಾರತಾರಲ್ಲ, ಅದೂ ಇದ ಏನ್ರಿ? ನಮ್ಮಕ್ಕನ ಮಗಳಿಗೆ ಪರೀಕ್ಷಾ ಬಂತಂದ್ರ ಶಂಖಪುಷ್ಪಿ ಸಿರಪ್ ಕುಡಸತಾರು.

— ಒಂದ ಹೆಸರಿಗೆ ಮೂರು ಗಿಡ ಬಂದು ನಿಂತಾವು. ಭಾರತದ ಆಯುರ್ವೇದ ಔಷಧಕೋಶ ಶಂಖಪುಷ್ಪಿ ಅಂತ ಒಪ್ಪಿಕೊಂಡಿದ್ದು ಕನ್ವಾಲ್ವುಲಸ್ ಪ್ಲೂರಿಕಾಲಿಸ್. ಅದರ ಹೂವು ಬಿಳಿ, ಇಲ್ಲಾ ತಿಳಿ ಗುಲಾಬಿ. ಕೇರಳದ ವೈದ್ಯರು ಬೇಲಿ ಮ್ಯಾಲ ಹಬ್ಬು ದೊಡ್ಡ ನೀಲಿ ಹೂವಿನ ಬಳ್ಳಿಯನ್ನ ಶಂಖಪುಷ್ಪಿ ಅಂತಾರ, ನಾವು ಶಂಖಪುಷ್ಪ, ಗಿರಿಕರ್ಣಿಕೆ ಅನ್ನೂದು ಅದ. ಅದು ಅವರಿ ತೊಗರಿ ಬಳಗದ್ದು, ಹೂವು ನೋಡಿದ ಕೂಡಲೆ ಗೊತ್ತಾಗತೈತಿ. ಮತ್ತ ಬಾಳ ಕಡೆ ನಮ್ಮ ವಿಷ್ಣುಕ್ರಾಂತಿಯನ್ನೂ ಶಂಖಪುಷ್ಪಿ ಅಂತನ ಮಾರತಾರ. ಒಣಗಿಸಿ ಪುಡಿ ಮಾಡಿದ ಮ್ಯಾಲ ಯಾವುದು ಯಾವುದು ಅಂತ ಕಣ್ಣಿಗೆ ಹೇಳಾಕ ಬರೂದಿಲ್ಲ.

ನಿಮ್ಮಕ್ಕಗ ಒಂದು ಮಾತು ಹೇಳು. ಮನ್ಯಾಗ ಯಾರಿಗಾದ್ರೂ ಫಿಟ್ಸ್ ಗುಳಿಗಿ ನಡದಿದ್ರ, ಡಾಕ್ಟರನ್ನ ಕೇಳದ ಈ ಸಿರಪ್ ಕೊಡಬಾರದು. ಮುಂಬಯಿಯ ಸಂಶೋಧಕರು 1992ರಾಗ ಒಂದು ಅಧ್ಯಯನ ಪ್ರಕಟ ಮಾಡಿದ್ರು. ಫಿಟ್ಸ್‌ಗೆ ಫಿನೈಟೊಯಿನ್ ತಗೊಳ್ಳು ರೋಗಿಗಳು ಶಂಖಪುಷ್ಪಿ ಸಿರಪ್ ಕುಡದಾಗ ಹತೋಟ್ಯಾಗ ಇದ್ದ ಫಿಟ್ಸ್ ಮತ್ತ ಬಂದಿತ್ತು. ಅದನ್ನ ನೋಡಿ ಇಲಿಗಳ ಮ್ಯಾಲ ಪರೀಕ್ಷೆ ಮಾಡಿದ್ರು. ದಿನಾ ಸಿರಪ್ ಕೊಟ್ಟ ಇಲಿಗಳ ರಕ್ತದಾಗ ಆ ಔಷಧದ ಪ್ರಮಾಣ ಇಳದಿತ್ತು. ಆ ಸಿರಪ್‌ನ್ಯಾಗ ಹಲವು ಗಿಡಮೂಲಿಕಿ ಇದ್ದವು. ಹಸರು ಎಲಿಯಿಂದ ಮಾಡಿದ್ದು ಅಂದ ಮಾತ್ರಕ್ಕ ಮಕ್ಕಳಿಗೆ ಕುಡಸೂದು ಬ್ಯಾಡ. ನೀ ಕುಂಡದಾಗ ಬೆಳಸೂದು ಪೂಜಿಗೆ ಮತ್ತ ಕಣ್ಣಿಗೆ, ಅಷ್ಟಕ್ಕ ಇರಲಿ.

— ಆತ್ರಿ. ಹಂಗಾದ್ರ ನಾಳೆ ಮಡ್ಡಿಗೆ ಹೋಗಿ ಒಂದು ಗಿಡ ಬೇರು ಸಮೇತ ಕಿತ್ಕೊಂಡು ಬರ್ಲೇನ್ರಿ?

— ಕೀಳಬ್ಯಾಡ. ಎರಡು ಕಾರಣ ಅದಾವು. ಮೊದಲನೇದು, ಬದುಕೂದಿಲ್ಲ. ಬೇರು ಕಲ್ಲಿನ ಸಂದ್ಯಾಗ ಆಳಕ್ಕ ಇಳದಿರತೈತಿ. ಜಗ್ಗಿದ್ರ ನಿನ್ನ ಕೈಗೆ ಬರೂದು ಮ್ಯಾಲಿನ ಎರಡು ಬೆರಳಿನಷ್ಟ, ಅದು ನಾಲ್ಕು ದಿನಕ್ಕ ಒಣಗತೈತಿ. ಎರಡನೇದು, ಎಷ್ಟೋ ಬ್ಯಾಸಿಗಿ ದಾಟಿ ಬಂದ ಬುಡಾ ಅದು. ಗಣಪತಿ ಹಬ್ಬದಾಗ ಪತ್ರಿಗೆ ಅಂತ ಬೇರು ಸಮೇತ ಕಿತ್ತು ಕಟ್ಟು ಕಟ್ಟಿ ಮಾರೂದು ನೋಡಿದ್ರ ನನಗ ಸಂಕಟ ಆಗತೈತಿ. ದೇವರಿಗೆ ಏರಸಾಕ ಒಂದು ಚಿಗುರು ಸಾಕು, ಉಗುರಿನಿಂದ ಚಿವುಟಿದ್ರ ಗಿಡಕ್ಕ ಏನೂ ಆಗೂದಿಲ್ಲ. ಸಿಗಲಿಲ್ಲಂದ್ರ ಅದರ ಬದಲಿಗೆ ಅಕ್ಷತೆ ಇಲ್ಲಾ ಕರಿಕಿ ಏರಸೂದು ನಮ್ಮ ಹಿರ್ಯಾರಿಂದ ಬಂದ ರೂಢಿ.

— ಬೀಜದಿಂದ ಬೆಳಸಬೇಕಂದ್ರ ಹ್ಯಾಂಗ್ರಿ?

— ಈಗ ಶ್ರಾವಣ. ಹೂವು ನಡದೈತಿ, ಕಾಯಿ ಇನ್ನ ಹಸಿ. ಹಸ್ತ, ಚಿತ್ತಿ ಮಳಿ ಮುಗದು ದೀಪಾವಳಿ ಹೊತ್ತಿಗೆ ಹೋಗು. ಹೂವು ಬಾಡಿದ ಮ್ಯಾಲ ಆ ದಾರದಂಥಾ ತೊಟ್ಟು ಕೆಳಗ ಬಾಗತೈತಿ, ತುದಿಗೆ ಮೂರು ನಾಲ್ಕು ಮಿಲಿಮೀಟರಿನ ಗುಂಡ ಕಾಯಿ ಜೋತಾಡತಿರತೈತಿ. ಒಣಹುಲ್ಲಿನ ಬಣ್ಣಕ್ಕ ತಿರಿಗಿದ್ದು ಅಷ್ಟ ತಗೋ. ಬಲತ ಕಾಯಿ ತಾನ ನಾಲ್ಕು ಹೋಳಾಗತೈತಿ, ಒಳಗ ಹೆಚ್ಚಂದ್ರ ನಾಲ್ಕು ಬೀಜ, ನುಣ್ಣಗ, ಕಂದು ಬಣ್ಣ. ಒಂದ ಗಿಡದಿಂದ ಎಲ್ಲಾ ಬಿಡಸಬ್ಯಾಡ. ಹತ್ತು ಗಿಡ ಕಂಡ್ರ ಎರಡು ಮೂರು ಗಿಡದ್ದು ಒಂದಿಷ್ಟು ಕಾಯಿ ತಗೋ, ಉಳಿದಿದ್ದು ಮಡ್ಡಿಗೆ. ಕಾಗದದ ಪೊಟ್ಟಣದಾಗ ಕಟ್ಟಿ, ಎಲ್ಲಿ ಸಿಕ್ಕಿತು, ಯಾವ ತಿಂಗಳು ಅಂತ ಬರದಿಡು. ಪ್ಲಾಸ್ಟಿಕ್ ಚೀಲದಾಗ ಹಸಿ ಇದ್ದಾಗ ಕಟ್ಟಿದ್ರ ಬೂಸ್ಟ ಹಿಡೀತೈತಿ.

— ಬಿತ್ತೂದು ಯಾವಾಗ್ರಿ?

— ಮಿರಗದ ಮಳಿಗೆ. ಜೋಳ, ಹೆಸರು ಬಿತ್ತಿದಂಗ ಸುಮ್ಮನ ಒಗದ್ರ ಹುಟ್ಟೂದು ಕಡಿಮಿ. ಈ ಬಳಗದ ಬೀಜದ ಸಿಪ್ಪಿ ನೀರು ಒಳಗ ಬಿಡದಷ್ಟು ಗಟ್ಟಿ ಇರತೈತಿ. ಮಡ್ಡಿ ಮ್ಯಾಲ ಬಿಸಿಲು, ಮಳಿ, ಕಲ್ಲಿನ ತಿಕ್ಕಾಟ ಸೇರಿ ಅದನ್ನ ಸವಸತಾವು. ಮನ್ಯಾಗ ಆ ಕೆಲಸ ನಾವ ಮಾಡಬೇಕು. ಬಡಗ್ಯಾರು ಕಟ್ಟಿಗಿ ಉಜ್ಜು ಪಾಲಿಶ್ ಪೇಪರ್ ಇರತೈತಲ್ಲ, ಅದರ ಎರಡು ತುಂಡಿನ ನಡಕ ಬೀಜ ಇಟ್ಟು ಹಗರಕ ಒಂದಿಷ್ಟು ಸಲ ತಿಕ್ಕು. ಮ್ಯಾಲಿನ ಹೊಳಪು ಹೋದ್ರ ಸಾಕು, ಒಳಗಿನ ಬಿಳಿ ಕಾಣೂವಷ್ಟು ತಿಕ್ಕಬಾರದು. ಆಮ್ಯಾಲ ರಾತ್ರಿಯಿಡೀ ನೀರಾಗ ನೆನಿಹಾಕು. ಮುಂಜಾನೆ ಉಬ್ಬಿದ ಬೀಜ ಬಿತ್ತು, ಉಬ್ಬದಿದ್ದುದನ್ನ ಮತ್ತೊಮ್ಮೆ ತಿಕ್ಕಿ ನೆನಿಹಾಕು. ಮಣ್ಣಿನ ಮ್ಯಾಲ ಚೆಲ್ಲಿ, ಬೀಜ ಮುಚ್ಚೂವಷ್ಟ ಉಸುಕು ಉದುರಸು. ಎಲ್ಲಾ ಒಮ್ಮೆಲೆ ಹುಟ್ಟೂದಿಲ್ಲ, ಅದಕ್ಕ ಒಂದ ವಾರಕ್ಕ ಬ್ಯಾಸರ ಪಟ್ಟು ಕುಂಡ ಕೆದರಬ್ಯಾಡ.

— ಮಣ್ಣು ಯಾವುದ್ರಿ? ನಮ್ಮ ಹಿತ್ತಲದಾಗ ಎರಿ ಮಣ್ಣ ಐತಿ, ಎರಿಹುಳದ ಗೊಬ್ಬರಾನೂ ಐತಿ.

— ಎರಡೂ ಬ್ಯಾಡ. ಎರಿ ಮಣ್ಣು ಮಳಿಗಾಲದಾಗ ನೀರು ಹಿಡದು ಬೇರು ಕೊಳಸತೈತಿ, ಬ್ಯಾಸಿಗ್ಯಾಗ ಬಿರುಕು ಬಿಟ್ಟು ಬೇರು ಹರೀತೈತಿ. ಕುಂಡದಾಗ ನೀ ಮಡ್ಡಿಯನ್ನ ಕಟ್ಟಬೇಕು. ಜರಡಿ ಹಿಡದ ಗರಸು ಎರಡು ಪಾಲು, ಮಸಾರಿ ಕೆಂಪು ಮಣ್ಣು ಒಂದು ಪಾಲು, ಹಳೇ ಕೊಟ್ಟಿಗಿ ಗೊಬ್ಬರ ಒಂದು ಹಿಡಿ. ಅಷ್ಟ. ಗೊಬ್ಬರ ಹೆಚ್ಚಾದ್ರ ಟೊಂಗಿ ಉದ್ದಕ ಜೋಲು ಬೀಳತಾವು, ಎಲಿ ಬರತಾವು, ಹೂವು ಕಡಿಮಿ ಆಗತಾವು. ಕುಂಡ ಮಣ್ಣಿಂದ ಇರಲಿ, ಬುಡಕ್ಕ ದೊಡ್ಡ ತೂತು ಇರಲಿ. ಒಂದು ಗೇಣು ಆಳ, ಒಂದೂವರಿ ಗೇಣು ಅಗಲ ಇದ್ರ ಎರಡು ಮೂರು ಗಿಡ ಆರಾಮ ಇರತಾವು. ಮ್ಯಾಲ ಸಣ್ಣ ಕಲ್ಲು ಒಂದು ಪದರ ಹಾಸು. ಮಳಿ ಹನಿ ಬಿದ್ದು ಎಲಿಗೆ ಕೆಸರು ಸಿಡಿಯೂದಿಲ್ಲ, ಬುಡಾನೂ ಲಗೂನ ಒಣಗತೈತಿ.

— ನೆರಳಿಗೆ ಇಡಬೇಕೋ ಬಿಸಿಲಿಗೋ?

— ಪೂರ್ತಿ ಬಿಸಿಲು. ನಿಮ್ಮ ಮಾಳಗಿ ಮ್ಯಾಲ ಮೂಡಲ ದಿಕ್ಕಿಗೆ ಇಡು. ಹೂವು ಮುಂಜಾನೆ ಬಿಸಿಲಿಗೆ ಅರಳಿ ಮಧ್ಯಾಹ್ನಕ್ಕ ಮುಚ್ಚತಾವು. ಸಂಜಿ ಮುಂದ ಮಡ್ಡಿಗೆ ಹೋಗಿ ಗಿಡ ಇಲ್ಲ ಅಂತ ತಿರಿಗಿ ಬರಾವರು ಬಾಳ ಮಂದಿ, ಹೂವು ಮುಚ್ಚಿದ್ರ ಹುಲ್ಲಿನಾಗ ಅದು ಕಾಣೂದ ಇಲ್ಲ. ನೀನೂ ಹತ್ತು ಗಂಟೆಯೊಳಗ ಹೋಗು.

ಇನ್ನ ನೀರು. ಬೆರಳು ಮಣ್ಣಾಗ ಎರಡು ಗೆಣಿಕಿ ಇಳಸಿ ನೋಡು, ಒಣಗಿದ್ರ ಹಾಕು, ಹಸಿ ಇದ್ರ ಬಿಡು. ಪ್ರೀತಿ ಅಂತ ದಿನಾ ನೀರು ಹನಸಿ ಕೊಂದವರ ಹೆಚ್ಚು. ಮಳಿ ಹಿಡದ ಕೂತಾಗ ಕುಂಡವನ್ನ ಇಟ್ಟಂಗಿ ಮ್ಯಾಲ ಎತ್ತಿ ಇಡು, ತೂತು ಕಟ್ಟಿಕೊಳ್ಳಬಾರದು.

— ದೀಪಾವಳಿ ತನಕ, ಆಮ್ಯಾಲ ಮತ್ತ ಮಿರಗದ ತನಕ ಕಾಯಬೇಕಾತು. ಈಗ ಏನೂ ಮಾಡಾಕ ಬರೂದಿಲ್ಲೇನ್ರಿ?

— ಬರತೈತಿ. ಈ ಮಳಿಗಾಲದಾಗ ತುದಿ ಟೊಂಗಿ ಒಂದು ನಾಲ್ಕೈದು ಚಿವುಟಿ ತಾ, ಒಂದೊಂದೂ ಬೆರಳುದ್ದ. ಹೂವು ಮೊಗ್ಗಿ ತೆಗಿ, ಕೆಳಗಿನ ಎಲಿ ಬಿಡಸು. ಹಸಿ ಉಸುಕಿನ್ಯಾಗ ಚುಚ್ಚಿ ಅರನೆರಳಿಗೆ ಇಡು. ಬೇರು ಬಿಟ್ಟಾವೋ ಇಲ್ಲೋ ಅಂತ ದಿನಾ ಜಗ್ಗಿ ನೋಡಬಾರದು, ಹೊಸಾ ಚಿಗುರು ಬಂತಂದ್ರ ಬೇರು ಬಿಟ್ಟಾವು ಅಂತ ಅರ್ಥ. ನೀ ತಂದ ಬ್ರೆಜಿಲ್ ಗಿಡ ಹಂಗ ಸಲೀಸ ಬರತೈತಿ. ನಮ್ಮದು ಅಷ್ಟು ಸಲೀಸ ಬರೂದಿಲ್ಲ, ಐದರಾಗ ಒಂದೆರಡು ಹತ್ತಿದ್ರೂ ಛಲೋನ. ಬೀಜದ ಗಿಡಕ್ಕ ಬೇರು ಆಳ ಇಳೀತಾವು, ಬ್ಯಾಸಿಗಿ ತಡೀತಾವು. ಅದಕ್ಕ ನಾನು ಬೀಜಾನ ಛಲೋ ಅಂತೀನಿ.

— ಬ್ಯಾಸಿಗ್ಯಾಗ ಒಣಗಿತಂದ್ರ ಸತ್ತೈತೋ ಮಲಗೈತೋ ಹ್ಯಾಂಗ ತಿಳೀಬೇಕ್ರಿ?

— ಉಗುರಿನಿಂದ ಬುಡದ ಸಿಪ್ಪಿ ಕೆರದು ನೋಡು. ಒಳಗ ಹಸರು ಇಲ್ಲಾ ಹಸಿ ಬಿಳಿ ಕಂಡ್ರ ಜೀವ ಐತಿ. ಮಾಘ ಮಾಸದ ಹೊತ್ತಿಗೆ ಒಣ ಟೊಂಗಿ ಕತ್ರಿಯಿಂದ ಬುಡದಿಂದ ಎರಡು ಬೆರಳು ಬಿಟ್ಟು ಕತ್ತರಸು. ಮಾರ್ಚ್, ಏಪ್ರಿಲ್ ಬಿಸಿಲಿಗೆ ಕುಂಡದ ಮಣ್ಣು ಮಡ್ಡಿಗಿಂತ ಜಾಸ್ತಿ ಕಾಯತೈತಿ, ಯಾಕಂದ್ರ ನಾಲ್ಕೂ ಕಡೆಯಿಂದ ಬಿಸಿ ತಾಗತೈತಿ. ಅದಕ್ಕ ಆ ಎರಡು ಮೂರು ತಿಂಗಳು ಗ್ವಾಡಿ ನೆರಳಿಗೆ ಸರಸು, ವಾರ ಹತ್ತು ದಿನಕ್ಕೊಮ್ಮೆ ಒಂದು ತಂಬಿಗಿ ನೀರು ಹಾಕು. ಅಡ್ಡಮಳಿ ಬಿತ್ತಂದ್ರ ಮತ್ತ ಬಿಸಿಲಿಗೆ ತಾ.

— ಸರ, ಒಂದು ಮಾತು ಕೇಳ್ತೀನ್ರಿ. ಇಷ್ಟು ಮಡ್ಡಿ ಇದ್ದ ಊರಾಗ ಇದನ್ನ ಕುಂಡದಾಗ ಯಾಕ ಸಾಕಬೇಕ್ರಿ?

— ಮಡ್ಡಿ ಇಷ್ಟು ಉಳದೈತಿ ಅಂತೀಯೇನು? ಅರ್ಧ ಸಪಾಟ ಮಾಡಿ, ಬೋರ್ ಹೊಡದು ಕಬ್ಬು ಹಚ್ಯಾರ. ಒಂದಿಷ್ಟಕ್ಕ ಗರಸು ಅಗದು ರಸ್ತೆಗೆ ಒಯ್ದಾರ. ಒಂದಿಷ್ಟು ಪ್ಲಾಟ್ ಆತು. ಹಸರು ಮಾಡ್ತೀವಿ ಅಂತ ಸಾಲಾಗಿ ನೀಲಗಿರಿ, ಅಕೇಶಿಯಾ ಹಚ್ಚಿದಲ್ಲಿ ನೆರಳು ಬಿದ್ದು ಇಂಥಾ ಗಿಡಾ ಹಿಂದ ಸರದಾವು. ಗಿಡ ಹಚ್ಚೂದು ಪುಣ್ಯ ಅಂತ ಎಲ್ಲರೂ ಅಂತಾರ, ನಾನೂ ಒಪ್ಪತೀನಿ. ಆದ್ರ ಬಯಲ ಅದರ ಮನಿ ಆಗಿದ್ದ ಜೀವದ ಮ್ಯಾಲ ನೆರಳು ಹೇರಿದ್ರ ಅದು ಸಾಯತೈತಿ. ಸರಕಾರಿ ಕಾಗದದಾಗ ಗಾಯರಾಣ, ಖರಾಬ ಅಂತ ಬರದಿರು ನೆಲ ಖಾಲಿ ನೆಲ ಅಲ್ಲ. ಕುರುಬರು ಕುರಿ ಬಿಟ್ಟು ಮೇಯಿಸಿದಲ್ಲಿ ಹುಲ್ಲು ಗಿಡ್ಡ ಇರತೈತಿ, ಆ ಬೆಳಕಿನಾಗ ಇದು ಬೆಳೀತೈತಿ. ಕುರಿಗಳ ದಾರಿ ಮುಚ್ಚಿದಲ್ಲಿ ಹುಲ್ಲು ಎದಿಮಟ ಎದ್ದು ಇದನ್ನ ಮುಚ್ಚತೈತಿ.

ನಮ್ಮ ಜಿಲ್ಲಾ ಮುಂಬಯಿ ಪ್ರಾಂತ್ಯದಾಗ ಇದ್ದಾಗ, ಪುಣೆಯ ವಿಜ್ಞಾನ ಕಾಲೇಜಿನ ಪ್ರಿನ್ಸಿಪಾಲ ಆಗಿದ್ದ ಥಿಯೋಡೋರ್ ಕುಕ್ ಈ ಪ್ರಾಂತ್ಯದ ಸಸ್ಯಗಳ ಮ್ಯಾಲ ದೊಡ್ಡ ಪುಸ್ತಕ ಬರದ. 1901ರಿಂದ 1908ರ ತನಕ ಭಾಗ ಭಾಗ ಆಗಿ ಅಚ್ಚಾತು. ಇವತ್ತಿಗೂ ನಮ್ಮ ಕಡೆ ಗಿಡಾ ಗುರುತಿಸಾಕ ಅದನ್ನ ತೆರೀತಾರ. ಪುಸ್ತಕದಾಗ ಇರೂದು ಬ್ಯಾರೆ, ಊರಿನ ಹೆಣ್ಣಮಕ್ಕಳಿಗೆ ಗುರುತು ಇರೂದು ಬ್ಯಾರೆ. ಕುಂಡದಾಗ ಒಂದು ವರ್ಷ ನೋಡಿದಾಕಿ ಮಡ್ಡಿ ಮ್ಯಾಲ ಹತ್ತು ಹೆಜ್ಜಿ ದೂರದಿಂದ ಅದನ್ನ ಗುರುತಿಸತಾಳ. ಅಲ್ಲಿ ಜೆಸಿಬಿ ಬಂದಾಗ ಇಲ್ಲಿ ಏನೈತಿ ಅಂತ ಪಂಚಾಯ್ತಿಯೊಳಗ ಎದ್ದು ಹೇಳಾಕ ಅಂಥಾ ನಾಲ್ಕು ಮಂದಿ ಬೇಕು. ನಾ ಕುಂಡದಾಗ ಹಚ್ಚು ಅನ್ನೂದು ಅದಕ್ಕ.

— ಹಂಗಿದ್ರ ಬೀಜ ನಮ್ಮ ಸಾಲಿ ಹುಡುಗರಿಗೂ ಹಂಚತೀನ್ರಿ. ಈ ಬ್ರೆಜಿಲ್ ಗಿಡಾ ಏನ್ ಮಾಡ್ಲಿ, ಒಗೀಲೇನ್ರಿ?

— ಯಾಕ ಒಗೀತಿ? ಛಂದ ಹೂವು ಬಿಡತೈತಿ, ಇಟ್ಟಕೋ. ಎರಡೂ ಕುಂಡಕ್ಕ ಚೀಟಿ ಹಚ್ಚು, ಹೆಸರು ಬರಿ. ಹುಡುಗರು ಬಂದಾಗ ಎರಡೂ ಮಗ್ಗಲಕ್ಕ ಇಟ್ಟು ತೋರಸು: ಇದಕ್ಕ ಉದ್ದ ತೊಟ್ಟು ಐತಿ, ಇದಕ್ಕ ಇಲ್ಲ. ಕಲಸಾಕ ಇದಕ್ಕಿಂತ ಛಲೋ ಸಿಗೂದಿಲ್ಲ.

— ಮುಂದಿನ ವರ್ಷ ಬಿತ್ತಿದಾಗ ಕುಂಡದಾಗ ಕಸಾನೂ ಹುಟ್ಟತಾವಲ್ರೀ. ಯಾವುದು ಕಸ, ಯಾವುದು ಸಸಿ ಅಂತ ಗೊತ್ತಾಗಂಗಿಲ್ಲ.

— ಆರು ಎಲಿ ಬರೂತನಕ ಯಾವುದನ್ನೂ ಕೀಳಬ್ಯಾಡ. ಅಷ್ಟೊತ್ತಿಗೆ ಎಲಿ ಮ್ಯಾಲಿನ ಕೂದಲಾ ಕಾಣತಾವು. ಒಂದರ ಮ್ಯಾಲ ಅಷ್ಟ ಹುಶಾರ ಇರು. ಇದರ ಇನ್ನೊಂದು ದಾಯಾದಿ ಐತಿ, ಅದೂ ಅಮೆರಿಕಾ ಖಂಡದಿಂದ ಬಂದಿದ್ದು, ಹುಲ್ಲುಹಾಸಿನಾಗ ಕಳೆಯಾಗಿ ಹಬ್ಬತೈತಿ. ಎಲಿ ಗುಂಡಗ, ಹೂವು ಬಿಳಿ, ಗಣ್ಣು ಗಣ್ಣಿಗೆ ಬೇರು ಬಿಡತೈತಿ. ಅದು ಕಂಡ್ರ ಅವತ್ತ ಕಿತ್ತು ಒಗಿ, ಇಲ್ಲಂದ್ರ ಕುಂಡ ತುಂಬತೈತಿ. ಉಳಿದಿದ್ದಕ್ಕ ಸಂಶಯ ಬಂದ್ರ ಕುಂಡಾನ ತಗೊಂಡು ನನ್ನ ಕಡೆ ಬಾ, ಭೂತಗನ್ನಡಿ ಮೇಜಿನ ಮ್ಯಾಲ ಇರತೈತಿ.